ಇನ್‌ಸ್ಟಾಲರ್‌ನೊಳಗೆ ಬೇರೆಯವರ ರನ್‌ಟೈಮ್: ಲೈಸೆನ್ಸ್ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ವಿಂಡೋಸ್‌ಗೆ ತಂತ್ರಾಂಶ ಬರೆದು, ಸೆಟಪ್ ಕಟ್ಟಿ, ಗ್ರಾಹಕರ ಕೈಗೆ ಕೊಡುವವರಿಗಾಗಿ ಈ ಪುಟ. ರನ್‌ಟೈಮ್ ಎಂದರೆ ನಿಮ್ಮ ಪ್ರೋಗ್ರಾಂ ಓಡಲು ಗ್ರಾಹಕರ ಗಣಕದಲ್ಲಿ ಇರಲೇಬೇಕಾದ, ಬೇರೆಯವರು ಬರೆದ ತಂತ್ರಾಂಶ. ಜಾವಾ ಮತ್ತು ವಿಷುವಲ್ ಸಿ++ ಬಗ್ಗೆ ಹೆಚ್ಚು ಬರೆದಿದ್ದೇವೆ, ಏಕೆಂದರೆ ಹೆಚ್ಚಿನ ತಪ್ಪುಗಳು ಅಲ್ಲೇ ಆಗುತ್ತವೆ. ದೊಡ್ಡ ಮೊತ್ತದ ಒಪ್ಪಂದವಿದ್ದರೆ ಲೈಸೆನ್ಸಿನ ಮೂಲ ಪಠ್ಯವನ್ನು ವಕೀಲರಿಗೂ ತೋರಿಸಿ.

ರನ್‌ಟೈಮ್ ಪುಕ್ಕಟೆಯಾಗಿ ಸಿಗುತ್ತದೆ. ಅದನ್ನು ನಮ್ಮ ಸೆಟಪ್‌ನಲ್ಲಿ ಸೇರಿಸಿ ಕೊಟ್ಟರೆ ಏನು ತಪ್ಪು?

ಬಳಸಲು ಸಿಕ್ಕ ಅನುಮತಿಯೇ ಬೇರೆ, ಹಂಚಲು ಸಿಕ್ಕ ಅನುಮತಿಯೇ ಬೇರೆ. ಡೌನ್‌ಲೋಡ್ ಪುಟದಲ್ಲಿ ನೀವು ಒಪ್ಪಿಕೊಂಡದ್ದು ನಿಮ್ಮ ಗಣಕದಲ್ಲಿ ಬಳಸುವ ಷರತ್ತುಗಳನ್ನು. ಅದೇ ಕಡತ ನಿಮ್ಮ ಸೆಟಪ್‌ನೊಳಗೆ ಸೇರಿತೆಂದರೆ ನೀವೇ ವಿತರಕರಾಗುತ್ತೀರಿ. ಕಾನೂನಿನ ಕಣ್ಣಿಗೆ ಅದು ನಕಲು ಮಾಡಿ ಹಂಚಿದ ಕೆಲಸ, ಅದಕ್ಕೆ ಪ್ರತ್ಯೇಕ ಅನುಮತಿ ಬೇಕು.

ಯಾವ ಲೈಸೆನ್ಸ್ ಕೈಗೆ ಬಂದರೂ ನಾಲ್ಕು ಸಂಗತಿ ಹುಡುಕಿ. ಮರುವಿತರಣೆಗೆ ಅನುಮತಿ ಇದೆಯೇ? ಇದ್ದರೆ ಒಂದು ಕಡತವನ್ನೂ ಮುಟ್ಟದೆ ಕೊಡಬೇಕೇ, ಇಲ್ಲಾ ಕತ್ತರಿಸಬಹುದೇ? ನಿಮ್ಮ ಉತ್ಪನ್ನಕ್ಕೆ ನೀವು ದುಡ್ಡು ತೆಗೆದುಕೊಂಡರೂ ಆ ಅನುಮತಿ ಉಳಿಯುತ್ತದೆಯೇ? ಜೊತೆಗೆ ಯಾವ ಸೂಚನೆ, ಯಾವ ಲೈಸೆನ್ಸ್ ಪಠ್ಯ, ಯಾವ ಮೂಲ ಸಂಕೇತ (ಸೋರ್ಸ್ ಕೋಡ್) ಹೋಗಬೇಕು? ಮೂರನೆಯದನ್ನು ಬಹಳಷ್ಟು ಮಂದಿ ಓದುವುದೇ ಇಲ್ಲ.

ಒಳಗೆ ಇಡುವ ಬದಲು ಸೆಟಪ್ ನಡೆಯುವಾಗ ಡೌನ್‌ಲೋಡ್ ಮಾಡಿಸಿದರೆ?

ತಯಾರಕರ ಸರ್ವರ್‌ನಿಂದಲೇ ಗ್ರಾಹಕರ ಗಣಕಕ್ಕೆ ನೇರವಾಗಿ ಬಂದರೆ ವಿತರಿಸಿದವರು ತಯಾರಕರು, ನೀವಲ್ಲ. ಆದರೆ ಅದೇ ಕಡತವನ್ನು ನಿಮ್ಮ ಸರ್ವರ್‌ನಲ್ಲಿ ಇಟ್ಟು ಅಲ್ಲಿಂದ ಇಳಿಸಿದರೆ ಮತ್ತೆ ನೀವೇ ವಿತರಕರು. ಇನ್ನೊಂದು ತೊಡಕೂ ಇದೆ. ತಯಾರಕರು ಬಳಕೆದಾರರ ಒಪ್ಪಿಗೆ ಕೇಳುವ ಪರದೆ ಇಟ್ಟಿದ್ದರೆ ಅದನ್ನು ಸೈಲೆಂಟ್ ಸ್ವಿಚ್ (ಪರದೆ ತೋರಿಸದೆ ಓಡಿಸುವ ಆಯ್ಕೆ) ಹಾಕಿ ಮುಚ್ಚುವ ಮೊದಲು ಲೈಸೆನ್ಸ್ ಓದಿ. ಗ್ರಾಹಕರ ಪರವಾಗಿ ನೀವು ಒಪ್ಪಿಕೊಳ್ಳಲಾಗದು.

ಜಾವಾ: ಯಾವ ಜೆಆರ್‌ಇ (ಜಾವಾದ ರನ್‌ಟೈಮ್) ಸೇರಿಸಬಹುದು, ಯಾವುದು ಕೂಡದು?

"ಜಾವಾ" ಎಂಬ ಒಂದೇ ಹೆಸರಿನಡಿ ಕನಿಷ್ಠ ನಾಲ್ಕು ಲೈಸೆನ್ಸ್‌ಗಳಿವೆ, ಗೊಂದಲ ಹುಟ್ಟುವುದೇ ಇಲ್ಲಿ.

ಒರಾಕಲ್ ಜಾವಾ 8, ಅಪ್‌ಡೇಟ್ 202ರವರೆಗೆ (ಜನವರಿ 2019), ಬೈನರಿ ಕೋಡ್ ಲೈಸೆನ್ಸ್ ಅಡಿ ಬಂತು. ಹಂಚಲು ಅನುಮತಿ ಇತ್ತು, ಷರತ್ತುಗಳ ಜೊತೆಗೆ: ಪೂರ್ಣವಾಗಿ, ಬದಲಾಯಿಸದೆ, ನಿಮ್ಮ ಪ್ರೋಗ್ರಾಂನ ಭಾಗವಾಗಿ ಮಾತ್ರ, ಅದನ್ನು ಓಡಿಸುವ ಉದ್ದೇಶಕ್ಕೆ ಮಾತ್ರ. ಸಾಮಾನ್ಯ ಉದ್ದೇಶದ ಡೆಸ್ಕ್‌ಟಾಪ್ ಮತ್ತು ಸರ್ವರ್‌ಗಳಿಗಷ್ಟೇ ಈ ಅನುಮತಿ. ಕಿಯಾಸ್ಕ್, ಪ್ರಿಂಟರ್, ಕೈಗಾರಿಕಾ ನಿಯಂತ್ರಣ ಯಂತ್ರಗಳನ್ನು ಹೆಸರಿಸಿಯೇ ಹೊರಗಿಟ್ಟಿತ್ತು.

ಏಪ್ರಿಲ್ 16, 2019ರಂದು ಬಂದ ಅಪ್‌ಡೇಟ್ 211ರಿಂದ ಒರಾಕಲ್ ಟೆಕ್ನಾಲಜಿ ನೆಟ್‌ವರ್ಕ್ ಲೈಸೆನ್ಸ್ ಜಾರಿಗೆ ಬಂತು. ವೈಯಕ್ತಿಕ ಬಳಕೆ, ಅಭಿವೃದ್ಧಿ, ಪರೀಕ್ಷೆಗೆ ಉಚಿತ. ವ್ಯಾಪಾರಿ ಉತ್ಪನ್ನದ ಜೊತೆ ಹಂಚಲು ಇದರಲ್ಲಿ ಅವಕಾಶವಿಲ್ಲ. 202ರಿಂದ 211ಕ್ಕೆ "ಮಾಮೂಲಿ ಅಪ್‌ಡೇಟ್" ಎಂದು ಏರಿಸಿದ ತಂಡಗಳು ಹಂಚುವ ಹಕ್ಕನ್ನು ಅಲ್ಲೇ ಕಳೆದುಕೊಂಡವು. ಕಡತದ ಹೆಸರಲ್ಲಿ ಬದಲಾದದ್ದು ಸಂಖ್ಯೆ ಮಾತ್ರ.

ಸೆಪ್ಟೆಂಬರ್ 2021ರಲ್ಲಿ ಜೆಡಿಕೆ (ಜಾವಾ ಅಭಿವೃದ್ಧಿ ಕಿಟ್) 17ರೊಂದಿಗೆ ಒರಾಕಲ್ "ನೋ-ಫೀ" ಷರತ್ತುಗಳನ್ನು ತಂದಿತು. ಇದರಲ್ಲಿ ಹಂಚಬಹುದು. ಆದರೆ ಒಂದು ವಾಕ್ಯವನ್ನು ಬೆರಳಿಟ್ಟು ಓದಬೇಕು: ಬದಲಾಯಿಸದೆ ಹಂಚಬೇಕು, ಮತ್ತು ಆ ಪ್ರತಿಯನ್ನು ಒಳಗೊಂಡ ಉತ್ಪನ್ನಕ್ಕೂ ಶುಲ್ಕ ಪಡೆಯುವಂತಿಲ್ಲ. ಅಂದರೆ ನಿಮ್ಮ ತಂತ್ರಾಂಶ ಮಾರಾಟಕ್ಕಿದ್ದರೆ ಈ ದಾರಿ ಮುಚ್ಚಿದಂತೆಯೇ. ಇದು ಶಾಶ್ವತವೂ ಅಲ್ಲ. 17ರ ಸಾಲಿನಲ್ಲಿ 17.0.12 ಈ ಷರತ್ತಿನ ಕೊನೆಯ ಆವೃತ್ತಿ. ಅಕ್ಟೋಬರ್ 2024ರ 17.0.13ರಿಂದ ಮತ್ತೆ ಟೆಕ್ನಾಲಜಿ ನೆಟ್‌ವರ್ಕ್ ಲೈಸೆನ್ಸ್.

ನಾಲ್ಕನೆಯದು ಓಪನ್‌ಜೆಡಿಕೆ: ಜಿಪಿಎಲ್ (ಹಂಚುವವರು ಮೂಲ ಸಂಕೇತವನ್ನೂ ಕೊಡಬೇಕೆನ್ನುವ ಮುಕ್ತ ಲೈಸೆನ್ಸ್) ಆವೃತ್ತಿ 2, ಜೊತೆಗೆ ಕ್ಲಾಸ್‌ಪಾತ್ ವಿನಾಯಿತಿ. ಎಕ್ಲಿಪ್ಸ್ ಟೆಮುರಿನ್, ಅಮೆಜಾನ್ ಕೊರೆಟ್ಟೊ, ಅಜುಲ್ ಜುಲು, ಬೆಲ್‌ಸಾಫ್ಟ್ ಲಿಬೆರಿಕಾ, ಮೈಕ್ರೋಸಾಫ್ಟ್‌ನ ಸ್ವಂತ ಓಪನ್‌ಜೆಡಿಕೆ ಬಿಲ್ಡ್ ಎಲ್ಲವೂ ಈ ಮನೆತನದವು. ಮಾರಾಟದ ಉತ್ಪನ್ನದ ಜೊತೆಗೂ ಹಂಚಬಹುದು. ಸೆಟಪ್‌ನೊಳಗೆ ಜಾವಾ ಇಡಬೇಕಾದವರಿಗೆ ನಮ್ಮ ಸಲಹೆ ಇದೊಂದೇ.

ನಮ್ಮ ಸೆಟಪ್‌ನಲ್ಲಿರುವ ಜಾವಾ ಯಾರದ್ದು ಎಂದು ಪತ್ತೆ ಹಚ್ಚುವುದು ಹೇಗೆ?

ಆ ಫೋಲ್ಡರ್‌ನ ಬಿನ್ ಒಳಗಿನ ಜಾವಾ ಕಡತವನ್ನು ವರ್ಷನ್ ಸ್ವಿಚ್ ಹಾಕಿ ಓಡಿಸಿ. ಎರಡನೆಯ ಸಾಲಿನಲ್ಲಿ "ಓಪನ್‌ಜೆಡಿಕೆ ರನ್‌ಟೈಮ್ ಎನ್ವಿರಾನ್‌ಮೆಂಟ್" ಎಂದಿದ್ದರೆ ಜಿಪಿಎಲ್ ಬಿಲ್ಡ್. "ಜಾವಾ ಎಸ್‌ಇ ರನ್‌ಟೈಮ್ ಎನ್ವಿರಾನ್‌ಮೆಂಟ್" ಎಂದು, ಟ್ರೇಡ್‌ಮಾರ್ಕ್ ಗುರುತಿನ ಜೊತೆ ಇದ್ದರೆ ಒರಾಕಲ್‌ನ ವ್ಯಾಪಾರಿ ಬಿಲ್ಡ್. ಮೇಲಿನ ಫೋಲ್ಡರ್‌ನಲ್ಲಿ "ರಿಲೀಸ್" ಎಂಬ ಸಣ್ಣ ಪಠ್ಯ ಕಡತವೂ ಇರುತ್ತದೆ. ಅದರ "ಇಂಪ್ಲಿಮೆಂಟರ್" ಸಾಲನ್ನಷ್ಟೇ ನೋಡಿ ತೀರ್ಮಾನಿಸಬೇಡಿ. ಒರಾಕಲ್ ತಾನೇ ಕೊಡುವ ಜಿಪಿಎಲ್ ಬಿಲ್ಡ್‌ನಲ್ಲೂ ಅಲ್ಲಿ ಒರಾಕಲ್ ಹೆಸರೇ ಇರುತ್ತದೆ.

ನಿಮ್ಮ ತಂಡ ಸೇರಿಸಿದ ಜಾವಾ ಮಾತ್ರ ನೋಡಿದರೆ ಸಾಲದು. ವರದಿ ತಯಾರಿಸುವ ಉಪಕರಣ, ಡೇಟಾಬೇಸ್ ಡ್ರೈವರ್ ಪ್ಯಾಕ್, ಹಾರ್ಡ್‌ವೇರ್ ತಯಾರಕರ ಕಿಟ್ ಇವುಗಳ ಹೊಟ್ಟೆಯೊಳಗೆ ಇನ್ನೊಂದು ಜಾವಾ ಅಡಗಿರುವುದುಂಟು. ಇನ್‌ಸ್ಟಾಲ್ ಆದ ಫೋಲ್ಡರ್‌ನಲ್ಲಿ ಜೆವಿಎಂ ಡಿಎಲ್ಎಲ್ (ಜಾವಾ ಓಡಿಸುವ ಮುಖ್ಯ ಲೈಬ್ರರಿ ಕಡತ) ಹೆಸರು ಹಾಕಿ ಹುಡುಕಿ, ಸಿಕ್ಕಿದ್ದನ್ನೆಲ್ಲ ಪಟ್ಟಿ ಮಾಡಿ.

ಓಪನ್‌ಜೆಡಿಕೆ ಜಿಪಿಎಲ್ ಆದ ಮೇಲೆ ನಮ್ಮ ಪ್ರೋಗ್ರಾಂನ ಮೂಲ ಸಂಕೇತ ತೆರೆದಿಡಬೇಕೇ?

ಬೇಡ. ಕ್ಲಾಸ್‌ಪಾತ್ ವಿನಾಯಿತಿ ಇರುವುದೇ ಅದಕ್ಕೆ: ಆ ಲೈಬ್ರರಿಗಳಿಗೆ ಜೋಡಿಸಿಕೊಂಡ ನಿಮ್ಮ ಕೋಡ್‌ಗೆ ನಿಮ್ಮದೇ ಲೈಸೆನ್ಸ್ ಇಟ್ಟುಕೊಳ್ಳಬಹುದು.

ಆದರೆ ಜಾವಾದ ಮೂಲ ಸಂಕೇತದ ಹೊಣೆ ನಿಮ್ಮ ಮೇಲಿದೆ, ಇದು ಬಹುಪಾಲು ಮಂದಿಗೆ ಹೊಳೆಯುವುದಿಲ್ಲ. ಜಿಪಿಎಲ್ 2ರ 3ನೇ ಕಲಂ ಪ್ರಕಾರ ಬೈನರಿ (ಓಡಿಸಲು ಸಿದ್ಧವಾದ ಕಡತ) ಹಂಚುವವರು ಒಂದೋ ಮೂಲ ಸಂಕೇತವನ್ನು ಜೊತೆಗೆ ಕೊಡಬೇಕು, ಇಲ್ಲವೇ ಕೇಳಿದವರಿಗೆ ಕೊಡುತ್ತೇವೆಂದು ಕನಿಷ್ಠ 3 ವರ್ಷ ಊರ್ಜಿತವಾಗಿರುವ ಲಿಖಿತ ಭರವಸೆ ಕೊಡಬೇಕು. "ಅವರ ವೆಬ್‌ಸೈಟಿನಲ್ಲಿದೆ, ಹೋಗಿ ತೆಗೆದುಕೊಳ್ಳಿ" ಎನ್ನುವುದು ವ್ಯಾಪಾರಿ ವಿತರಕರಿಗೆ ಭದ್ರವಾದ ಉತ್ತರವಲ್ಲ, ಆ ಪುಟ ನಾಳೆ ಇಲ್ಲವಾಗಬಹುದು. ಟೆಮುರಿನ್ ಪ್ರತಿ ಬಿಡುಗಡೆಯ ಜೊತೆಗೆ ಮೂಲ ಸಂಕೇತದ ಟಾರ್ ಕಡತವನ್ನೂ ಇಡುತ್ತದೆ. ಬೈನರಿ ಇಳಿಸಿಕೊಂಡ ದಿನವೇ ಅದೇ ಆವೃತ್ತಿಯ ಆ ಕಡತವನ್ನೂ ಇಳಿಸಿ ನಿಮ್ಮ ಸಂಗ್ರಹದಲ್ಲಿಡಿ.

ಜೆಲಿಂಕ್‌ನಿಂದ ಚಿಕ್ಕದು ಮಾಡಿದ ರನ್‌ಟೈಮ್ ಕೊಡಬಹುದೇ?

ಓಪನ್‌ಜೆಡಿಕೆ ಬಿಲ್ಡ್‌ನಿಂದ ಮಾಡಿದ್ದಾದರೆ ಧಾರಾಳವಾಗಿ. ಬೇಕಾದ ಭಾಗಗಳಷ್ಟೇ ಇರುವ ರನ್‌ಟೈಮ್ ಕಟ್ಟುವ ಜೆಲಿಂಕ್ ಜಾವಾ 9ರಿಂದ ಇದೆ, ಸೆಟಪ್ ಕಟ್ಟುವ ಜೆಪ್ಯಾಕೇಜ್ 16ರಲ್ಲಿ ಪೂರ್ಣ ಸ್ಥಾನ ಪಡೆಯಿತು. 300 ಎಂಬಿ ಆಸುಪಾಸಿನ ಜೆಡಿಕೆ ಬೇಕಾದ ಮಾಡ್ಯೂಲ್‌ಗಳಿಗೆ ಇಳಿದರೆ 40ರಿಂದ 70 ಎಂಬಿಗೆ ಬರುವುದುಂಟು. ಮಾಡಿದ ಮೇಲೆ ಒಂದು ಫೋಲ್ಡರ್ ಇದೆಯೇ ನೋಡಿ: "ಲೀಗಲ್". ಅದರಲ್ಲಿ ಒಂದೊಂದು ಮಾಡ್ಯೂಲಿಗೂ ಲೈಸೆನ್ಸ್, ವಿನಾಯಿತಿಯ ಪಠ್ಯ, ಒಳಗಿರುವ ಜೀಲಿಬ್‌ನಂಥ ಹೊರಗಿನ ಕೋಡ್‌ನ ಸೂಚನೆಗಳು ಇರುತ್ತವೆ. ಗಾತ್ರ ಉಳಿಸಲು ಇದನ್ನು ಅಳಿಸುವವರಿದ್ದಾರೆ. ಉಳಿಯುವುದು ಕೆಲವು ಕೆಬಿ, ಕಳೆಯುವುದು ಹಂಚುವ ಅರ್ಹತೆ.

ಜಾವಾಎಫ್‌ಎಕ್ಸ್ (ಪರದೆಗಳನ್ನು ಕಟ್ಟುವ ಜಾವಾ ಲೈಬ್ರರಿ) ಬಳಸುತ್ತಿದ್ದರೆ ಅದು ಜಾವಾ 11ರಿಂದ ಪ್ರತ್ಯೇಕ ಎಂಬುದು ನೆನಪಿರಲಿ. ಅದರ ವೆಬ್ ಮತ್ತು ಮೀಡಿಯಾ ಮಾಡ್ಯೂಲ್‌ಗಳಲ್ಲಿ ವೆಬ್‌ಕಿಟ್, ಜಿಸ್ಟ್ರೀಮರ್‌ನ ಎಲ್‌ಜಿಪಿಎಲ್ (ಲೈಬ್ರರಿಗಳಿಗಾಗಿ ಇರುವ, ಜಿಪಿಎಲ್‌ನ ಸಡಿಲ ರೂಪ) ಕೋಡ್ ಇದೆ. ಆ ಸೂಚನೆಗಳೂ ಹೋಗಬೇಕು.

ವಿಷುವಲ್ ಸಿ++ ರೀಡಿಸ್ಟ್ರಿಬ್ಯೂಟಬಲ್: ಹೆಸರಲ್ಲೇ ಅನುಮತಿ ಇದೆಯಲ್ಲ?

ಹೆಸರಿನ ಅರ್ಥ "ಮರುವಿತರಿಸಬಹುದಾದದ್ದು" ಎಂದೇ, ಆದರೆ ಎಲ್ಲರಿಗೂ ಅಲ್ಲ. ವಿಷುವಲ್ ಸ್ಟುಡಿಯೋ (ಮೈಕ್ರೋಸಾಫ್ಟ್‌ನ ಪ್ರೋಗ್ರಾಂ ಕಟ್ಟುವ ಉಪಕರಣ) ಲೈಸೆನ್ಸ್ ಸರಿಯಾಗಿ ಹೊಂದಿರುವವರಿಗೆ, "ರೀಡಿಸ್ಟ್" ಪಟ್ಟಿಯಲ್ಲಿ ಹೆಸರಿಸಿದ ಕಡತಗಳನ್ನು ತಮ್ಮ ಪ್ರೋಗ್ರಾಂ ಜೊತೆ ಹಂಚಲು ಕೊಟ್ಟ ಹಕ್ಕು ಅದು. ಕಮ್ಯುನಿಟಿ ಆವೃತ್ತಿ ಒಬ್ಬರೇ ಕೆಲಸ ಮಾಡುವವರಿಗೆ ಉಚಿತ. ಸಂಸ್ಥೆಯಲ್ಲಿ 250ಕ್ಕಿಂತ ಹೆಚ್ಚು ಗಣಕಗಳಿದ್ದರೆ ಅಥವಾ ವಾರ್ಷಿಕ ಆದಾಯ 10 ಲಕ್ಷ ಅಮೆರಿಕನ್ ಡಾಲರ್ ದಾಟಿದ್ದರೆ ಸ್ವಂತ ಉತ್ಪನ್ನ ಕಟ್ಟಲು ಬಳಸುವಂತಿಲ್ಲ. ಅದಕ್ಕಿಂತ ಚಿಕ್ಕ ಸಂಸ್ಥೆಯಲ್ಲಿ ಐವರವರೆಗೆ. ಈ ಮಿತಿ ಮೀರಿದ ಕಚೇರಿಯಲ್ಲಿ ಕಟ್ಟಿದ ಸೆಟಪ್‌ಗೆ ರನ್‌ಟೈಮ್ ಹಂಚುವ ಹಕ್ಕೂ ಇಲ್ಲ, ಏಕೆಂದರೆ ಎರಡಕ್ಕೂ ಬೇರು ಒಂದೇ ಲೈಸೆನ್ಸ್.

ಡೀಬಗ್ (ದೋಷ ಹುಡುಕಲು ಕಟ್ಟಿದ) ಆವೃತ್ತಿಗಳನ್ನು ಎಂದೂ ಹಂಚಬೇಡಿ. ಹೆಸರಿನ ಕೊನೆಗೆ ಡಿ ಅಕ್ಷರ ಇರುವ ಎಂಎಸ್‌ವಿಸಿಪಿ140ಡಿ, ವಿಸಿರನ್‌ಟೈಮ್140ಡಿ ಇವು ಪಟ್ಟಿಯಿಂದ ಹೊರಗೆ. "ಗ್ರಾಹಕರ ಗಣಕದಲ್ಲಿ ಓಡುತ್ತಿಲ್ಲ, ಈ ಡಿಎಲ್ಎಲ್ ಕೇಳುತ್ತಿದೆ" ಎಂದು ಯಾರಾದರೂ ಅದನ್ನು ಕಳುಹಿಸಿದ್ದರೆ ನಿಜವಾದ ಪರಿಹಾರ ರಿಲೀಸ್ ಮೋಡ್‌ನಲ್ಲಿ ಮತ್ತೆ ಕಟ್ಟುವುದು.

ವಿಷುವಲ್ ಸಿ++ ಪ್ಯಾಕೇಜನ್ನು ಇನ್‌ಸ್ಟಾಲರ್‌ನಿಂದ ಓಡಿಸುವ ಸರಿಯಾದ ಕ್ರಮ ಯಾವುದು?

ವಿಷುವಲ್ ಸ್ಟುಡಿಯೋ 2015ರಿಂದ 2022ರವರೆಗಿನ ಎಲ್ಲ ಆವೃತ್ತಿಗಳಿಗೂ ರನ್‌ಟೈಮ್ ಒಂದೇ, 14ರ ಸಾಲು. ನಿಯಮ ಸರಳ: ಗ್ರಾಹಕರ ಗಣಕದಲ್ಲಿರುವ ರನ್‌ಟೈಮ್ ನೀವು ಕಟ್ಟಲು ಬಳಸಿದ ಟೂಲ್‌ಸೆಟ್‌ಗಿಂತ (ಕಂಪೈಲರ್ ಮತ್ತು ಲೈಬ್ರರಿಗಳ ಕಟ್ಟು) ಹಳೆಯದಾಗಿರಬಾರದು.

ಮೊದಲು ರಿಜಿಸ್ಟ್ರಿ ನೋಡಿ. ಲೋಕಲ್ ಮಷೀನ್ ಅಡಿ ಸಾಫ್ಟ್‌ವೇರ್, ಮೈಕ್ರೋಸಾಫ್ಟ್, ವಿಷುವಲ್‌ಸ್ಟುಡಿಯೋ, 14.0, ವಿಸಿ, ರನ್‌ಟೈಮ್ಸ್, ಅದರೊಳಗೆ ಎಕ್ಸ್64 ಅಥವಾ ಎಕ್ಸ್86. "ಇನ್‌ಸ್ಟಾಲ್ಡ್" ಬೆಲೆ 1 ಇದ್ದು, ಮೇಜರ್, ಮೈನರ್, ಬಿಲ್ಡ್ ಸಂಖ್ಯೆಗಳು ನಿಮ್ಮದಕ್ಕಿಂತ ಕಡಿಮೆಯಿಲ್ಲದಿದ್ದರೆ ಓಡಿಸುವುದೇ ಬೇಡ. ಇಲ್ಲದಿದ್ದರೆ ಇನ್‌ಸ್ಟಾಲ್, ಕ್ವೈಟ್, ನೋರೀಸ್ಟಾರ್ಟ್ ಸ್ವಿಚ್‌ಗಳೊಂದಿಗೆ ಓಡಿಸಿ. ಮರಳಿ ಬರುವ ಸಂಖ್ಯೆ 0 ಆದರೆ ಯಶಸ್ಸು. 3010 ಕೂಡ ಯಶಸ್ಸೇ, ಗಣಕ ಮರುಚಾಲನೆ ಆಗಬೇಕಷ್ಟೇ. 1638 ಎಂದರೆ ಅಲ್ಲಿ ಆಗಲೇ ಹೊಸದಿದೆ, ಮುಂದುವರಿಯಿರಿ. ಸೊನ್ನೆ ಬಿಟ್ಟು ಉಳಿದದ್ದೆಲ್ಲ ದೋಷ ಎಂದು ಬರೆದ ಸ್ಕ್ರಿಪ್ಟ್‌ಗಳು ಈ ಎರಡರಲ್ಲೇ ಎಡವುತ್ತವೆ.

32 ಬಿಟ್ ಪ್ರೋಗ್ರಾಂಗೆ ಎಕ್ಸ್86 ಪ್ಯಾಕೇಜ್ ಬೇಕು, ಗಣಕ 64 ಬಿಟ್ ಆಗಿದ್ದರೂ ಸರಿಯೇ. "ವಿಸಿರನ್‌ಟೈಮ್140_1 ಸಿಗಲಿಲ್ಲ" ಎಂಬ ದೋಷ ಬಂದರೆ ಅಲ್ಲಿರುವುದು 2015 ಅಥವಾ 2017ರ ಹಳೆ ಪ್ಯಾಕೇಜ್ ಎಂದರ್ಥ. ಆ ಕಡತ 64 ಬಿಟ್‌ನಲ್ಲಿ 2019ರ ಟೂಲ್‌ಸೆಟ್‌ನಿಂದ ಸೇರಿತು.

ಸಿಸ್ಟಂ32 ಫೋಲ್ಡರ್‌ನಿಂದ ಡಿಎಲ್ಎಲ್ ಎತ್ತಿ ನಮ್ಮ ಫೋಲ್ಡರ್‌ಗೆ ಹಾಕಿದರೆ ಸಾಲದೇ?

ಪ್ರೋಗ್ರಾಂ ಪಕ್ಕದಲ್ಲೇ ಡಿಎಲ್ಎಲ್ ಇಡುವುದಕ್ಕೆ ಅನುಮತಿ ಇದೆ. ಆದರೆ ವಿಷುವಲ್ ಸ್ಟುಡಿಯೋದ ರೀಡಿಸ್ಟ್ ಫೋಲ್ಡರ್‌ನಿಂದ ತೆಗೆದಿರಬೇಕು. ಸಿಸ್ಟಂ32ರಲ್ಲಿರುವ ಪ್ರತಿ ಯಾವ ಆವೃತ್ತಿಯದು, ಪಟ್ಟಿಯಲ್ಲಿದೆಯೇ ಇಲ್ಲವೇ ಎಂಬುದು ಆ ಕ್ಷಣಕ್ಕೆ ಯಾರಿಗೂ ಗೊತ್ತಿರುವುದಿಲ್ಲ. ಹೀಗೆ ಪಕ್ಕದಲ್ಲಿಟ್ಟ ಪ್ರತಿಗೆ ವಿಂಡೋಸ್ ಅಪ್‌ಡೇಟ್ ತಲುಪುವುದಿಲ್ಲ, ಭದ್ರತಾ ದೋಷ ಬಂದರೆ ಹೊಸ ಸೆಟಪ್ ಕೊಡಬೇಕಾದವರು ನೀವೇ.

ಇದಕ್ಕೆ ಅಂಟಿಕೊಂಡ ಒಂದು ಕಠಿಣ ದೋಷವಿದೆ. ಜಾವಾದ ಬಿನ್ ಫೋಲ್ಡರ್‌ನಲ್ಲಿ ಅದರದ್ದೇ ಎಂಎಸ್‌ವಿಸಿಪಿ140 ಪ್ರತಿ ಇರುತ್ತದೆ. ವಿಷುವಲ್ ಸ್ಟುಡಿಯೋ 2022ರ 17.10 ಅಥವಾ ನಂತರದ ಟೂಲ್‌ಸೆಟ್‌ನಲ್ಲಿ ಕಟ್ಟಿದ ನಿಮ್ಮ ಜೆಎನ್‌ಐ (ಜಾವಾದಿಂದ ಸಿ++ ಕೋಡ್ ಕರೆಯುವ ಸೇತುವೆ) ಡಿಎಲ್ಎಲ್ ಜಾವಾ ಪ್ರಕ್ರಿಯೆಯೊಳಗೆ ಲೋಡ್ ಆದಾಗ ಆ ಹಳೆಯ ಪ್ರತಿಯೇ ಸಿಗುತ್ತದೆ, ಮ್ಯೂಟೆಕ್ಸ್ (ಒಂದು ಹೊತ್ತಿಗೆ ಒಂದೇ ಎಳೆ ಒಳಹೋಗುವಂತೆ ಹಾಕುವ ಬೀಗ) ಮೊದಲ ಬಾರಿ ಲಾಕ್ ಆಗುವಾಗ ಪ್ರೋಗ್ರಾಂ ಬಿದ್ದುಹೋಗುತ್ತದೆ. ಆ ಆವೃತ್ತಿಯಲ್ಲಿ ಮ್ಯೂಟೆಕ್ಸ್‌ನ ಕನ್‌ಸ್ಟ್ರಕ್ಟರ್ (ಅದನ್ನು ಸಿದ್ಧಪಡಿಸುವ ಕೋಡ್) ಕಾನ್ಸ್ಟ್ಎಕ್ಸ್‌ಪ್ರ್ (ಕಂಪೈಲ್ ಹೊತ್ತಿಗೇ ಲೆಕ್ಕವಾಗಬಲ್ಲದ್ದು) ಆಗಿ ಬದಲಾದದ್ದೇ ಕಾರಣ. ಸಿಸ್ಟಂನಲ್ಲಿ ಹೊಸ ರೀಡಿಸ್ಟ್ ಇದ್ದರೂ ಪ್ರಯೋಜನವಿಲ್ಲ. ಹೊಸ ರನ್‌ಟೈಮ್ ಇರುವ ಜಾವಾ ಬಿಲ್ಡ್‌ಗೆ ಏರಿಸಿ, ಅಥವಾ ಆ ಬದಲಾವಣೆಯನ್ನು ತಡೆಯಲೆಂದೇ ಮೈಕ್ರೋಸಾಫ್ಟ್ ಕೊಟ್ಟಿರುವ ಮ್ಯಾಕ್ರೋ ಹಾಕಿ ನಿಮ್ಮ ಡಿಎಲ್ಎಲ್ ಮತ್ತೆ ಕಟ್ಟಿ.

ಮೈಕ್ರೋಸಾಫ್ಟ್‌ನ ಇನ್ನೊಂದು ರನ್‌ಟೈಮ್ ಡಾಟ್‌ನೆಟ್?

ವಿಂಡೋಸ್ 10ರ ಮೇ 2019ರ ಅಪ್‌ಡೇಟ್‌ನಿಂದ ಈಚೆಗೆ ಡಾಟ್‌ನೆಟ್ ಫ್ರೇಮ್‌ವರ್ಕ್ 4.8 ಒಳಗೇ ಇದೆ, ಸೇರಿಸುವ ಅಗತ್ಯವಿಲ್ಲ. ಹಳೆ ಗಣಕಗಳಿಗೆ ಬೇಕಾದರೆ ರಿಜಿಸ್ಟ್ರಿಯ "ರಿಲೀಸ್" ಬೆಲೆ 528040ಕ್ಕಿಂತ ಕಡಿಮೆಯಿದ್ದಾಗ ಮಾತ್ರ ಆಫ್‌ಲೈನ್ ಪ್ಯಾಕೇಜ್ ಓಡಿಸಿ. ಹೊಸ ಡಾಟ್‌ನೆಟ್‌ನ ಮೂಲ ಸಂಕೇತ ಎಂಐಟಿ ಲೈಸೆನ್ಸಿನದು. "ಸೆಲ್ಫ್-ಕಂಟೇನ್ಡ್" (ರನ್‌ಟೈಮ್ ಒಳಗೇ ಇರುವಂತೆ) ಆಗಿ ಕಟ್ಟಿ ಕೊಡಬಹುದು. ಥರ್ಡ್ ಪಾರ್ಟಿ ನೋಟಿಸಸ್ ಕಡತವನ್ನು ಜೊತೆಗಿಡಿ.

ಕ್ಯೂಟಿ (ಪರದೆ ಕಟ್ಟಲು), ಎಫ್‌ಎಫ್‌ಎಂಪೆಗ್‌ನಂಥ (ವಿಡಿಯೊ, ಧ್ವನಿಗೆ) ಎಲ್‌ಜಿಪಿಎಲ್ ಲೈಬ್ರರಿಗಳನ್ನು ಮುಚ್ಚಿದ ಕೋಡ್‌ನ ಉತ್ಪನ್ನದ ಜೊತೆ ಕೊಡಬಹುದೇ?

ಕೊಡಬಹುದು, ಆದರೆ ಬಳಕೆದಾರರು ಆ ಲೈಬ್ರರಿಯ ತಮ್ಮದೇ ಆವೃತ್ತಿ ಕಟ್ಟಿ ನಿಮ್ಮ ಪ್ರೋಗ್ರಾಂ ಜೊತೆ ಓಡಿಸುವಂತಿರಬೇಕು. ಎಲ್‌ಜಿಪಿಎಲ್‌ನ ಜೀವ ಇರುವುದೇ ಇಲ್ಲಿ. ಹಾಗಾಗಿ ಬೇರೆ ಡಿಎಲ್ಎಲ್ ಆಗಿಯೇ ಇಡಿ. ಸ್ಟಾಟಿಕ್ ಆಗಿ (ನಿಮ್ಮ ಪ್ರೋಗ್ರಾಂ ಕಡತದೊಳಗೇ) ಜೋಡಿಸಿದರೆ ನಿಮ್ಮ ಆಬ್ಜೆಕ್ಟ್ ಕಡತಗಳನ್ನು ಕೊಡಬೇಕಾಗುತ್ತದೆ. ಡಿಎಲ್ಎಲ್‌ನ ಹ್ಯಾಶ್ (ಕಡತದಿಂದ ಲೆಕ್ಕ ಹಾಕಿದ ಗುರುತು ಸಂಖ್ಯೆ) ಪರೀಕ್ಷಿಸಿ "ಬದಲಾಗಿದೆ, ಓಡುವುದಿಲ್ಲ" ಎನ್ನುವ ರಕ್ಷಣೆ ಇಟ್ಟರೆ ಷರತ್ತು ಮುರಿದಂತೆ. ನಿಮ್ಮ ಇಯುಎಲ್‌ಎಯಲ್ಲಿ (ಬಳಕೆದಾರರ ಒಪ್ಪಂದ) "ಯಾವ ಭಾಗವನ್ನೂ ರಿವರ್ಸ್ ಎಂಜಿನಿಯರಿಂಗ್ ಮಾಡುವಂತಿಲ್ಲ" ಎಂಬ ಸಿದ್ಧ ವಾಕ್ಯ ಇದ್ದರೆ ಅದನ್ನೂ ತಿದ್ದಿ. ಲೈಬ್ರರಿಗೆ ಮಾಡಿದ ಬದಲಾವಣೆಯ ದೋಷ ಹುಡುಕಲು ಅದಕ್ಕೆ ಅವಕಾಶ ಇರಲೇಬೇಕು.

ಕ್ಯೂಟಿಯಲ್ಲಿ ಎಲ್ಲ ಮಾಡ್ಯೂಲ್‌ಗಳೂ ಎಲ್‌ಜಿಪಿಎಲ್ ಅಲ್ಲ. ಚಾರ್ಟ್ಸ್, ಡೇಟಾ ವಿಷುವಲೈಸೇಷನ್, ವರ್ಚುವಲ್ ಕೀಬೋರ್ಡ್ ಇವು ಮುಕ್ತ ಆವೃತ್ತಿಯಲ್ಲಿ ಜಿಪಿಎಲ್ 3. ಡಿಪ್ಲಾಯ್ ಉಪಕರಣ ನೀವು ಕೇಳದ ಪ್ಲಗಿನ್‌ಗಳನ್ನೂ ಎಳೆದು ತರಬಹುದು, ಆದ್ದರಿಂದ ಕೊನೆಯ ಫೋಲ್ಡರ್ ಅನ್ನು ಕಣ್ಣಾರೆ ನೋಡಿ.

ಎಫ್‌ಎಫ್‌ಎಂಪೆಗ್ ವಿಷಯದಲ್ಲಿ ಲೈಸೆನ್ಸ್ ನಿರ್ಧಾರವಾಗುವುದು ಕಟ್ಟುವ ಹೊತ್ತಿಗೆ. ಸುಮ್ಮನೆ ಕಟ್ಟಿದರೆ ಎಲ್‌ಜಿಪಿಎಲ್ 2.1 ಅಥವಾ ನಂತರದ್ದು. ಎನೇಬಲ್-ಜಿಪಿಎಲ್ ಹಾಕಿದರೆ (ಎಚ್.264 ವಿಡಿಯೊ ಮಾಡುವ ಎಕ್ಸ್264 ಬೇಕೆಂದರೆ ಹಾಕಲೇಬೇಕು) ಇಡೀ ಬಿಲ್ಡ್ ಜಿಪಿಎಲ್ ಆಗುತ್ತದೆ. ಎನೇಬಲ್-ನಾನ್‌ಫ್ರೀ ಹಾಕಿದರೆ ಅದನ್ನು ಹಂಚುವಂತೆಯೇ ಇಲ್ಲ. ಎಲ್ಲಿಂದಲೋ ತಂದ ಬಿಲ್ಡ್ ಆದರೆ ಬಿಲ್ಡ್‌ಕಾನ್ಫ್ ಸ್ವಿಚ್ ಹಾಕಿ ಓಡಿಸಿ, ಯಾವ ಆಯ್ಕೆಗಳಿಂದ ಕಟ್ಟಿದ್ದಾರೆಂದು ಅದೇ ಹೇಳುತ್ತದೆ. ಎಚ್.264ರ ಪೇಟೆಂಟ್ ಪ್ರಶ್ನೆ ಇದಕ್ಕೆ ಹೊರತಾದದ್ದು, ಎಲ್‌ಜಿಪಿಎಲ್ ಅದನ್ನು ಬಗೆಹರಿಸುವುದಿಲ್ಲ.

ಸೇರಿಸಲೇಬಾರದ, ಆದರೆ ಎಲ್ಲರೂ ಸೇರಿಸುವಂಥವು ಯಾವುವು?

ಎನ್‌ಪಿಕ್ಯಾಪ್ ಮೊದಲನೆಯದು. ನೆಟ್‌ವರ್ಕ್ ಪ್ಯಾಕೆಟ್ ಹಿಡಿಯುವ ಈ ಡ್ರೈವರ್‌ನ ಉಚಿತ ಆವೃತ್ತಿ 5 ಗಣಕಗಳವರೆಗೆ ಬಳಕೆಗೆ, ಮರುವಿತರಣೆಗಲ್ಲ. ಸೈಲೆಂಟ್ ಇನ್‌ಸ್ಟಾಲ್ ಹಣ ಕೊಟ್ಟು ಪಡೆಯುವ ಒಇಎಂ (ತಮ್ಮ ಉತ್ಪನ್ನದಲ್ಲಿ ಸೇರಿಸುವವರ) ಆವೃತ್ತಿಯಲ್ಲಿ ಮಾತ್ರ. ಹಿಂದಿನ ವಿನ್‌ಪಿಕ್ಯಾಪ್ ಹಂಚಲು ಬಿಡುವ ಬಿಎಸ್‌ಡಿ ಲೈಸೆನ್ಸಿನದಾಗಿತ್ತು. ಆ ಅಭ್ಯಾಸದಲ್ಲೇ ಇದನ್ನೂ ಸೇರಿಸಿಬಿಡುತ್ತಾರೆ.

ಗೋಸ್ಟ್‌ಸ್ಕ್ರಿಪ್ಟ್ ಎರಡನೆಯದು. ಪಿಡಿಎಫ್ ಮಾಡಲು ಬಿಲ್ಲಿಂಗ್ ತಂತ್ರಾಂಶಗಳು ಇದನ್ನು ಸದ್ದಿಲ್ಲದೆ ಹಾಕುತ್ತವೆ. ಅದು ಎಜಿಪಿಎಲ್ 3 (ಜಿಪಿಎಲ್‌ನ ಇನ್ನೂ ಕಟ್ಟುನಿಟ್ಟಾದ ರೂಪ). ಮುಚ್ಚಿದ ಉತ್ಪನ್ನದ ಭಾಗವಾಗಿ ಕೊಡಬೇಕಾದರೆ ಅದರ ತಯಾರಕರಾದ ಆರ್ಟಿಫೆಕ್ಸ್‌ನಿಂದ ವ್ಯಾಪಾರಿ ಲೈಸೆನ್ಸ್ ಪಡೆಯುವುದೇ ಸುರಕ್ಷಿತ ದಾರಿ.

ಕನ್ನಡ ಫಾಂಟ್ ಕೂಡ ಸೆಟಪ್‌ನಲ್ಲಿ ಹಾಕುತ್ತೇವೆ. ಇದೇ ನಿಯಮವೇ?

ಹೌದು. ತುಂಗಾ, ನಿರ್ಮಲಾ ಯುಐ ವಿಂಡೋಸ್ ಜೊತೆ ಬಂದವು, ಫಾಂಟ್ಸ್ ಫೋಲ್ಡರ್‌ನಿಂದ ನಕಲಿಸಿ ಹಂಚಲು ಅನುಮತಿ ಇಲ್ಲ. ನೋಟೋ ಸಾನ್ಸ್ ಕನ್ನಡ ಮುಕ್ತ ಫಾಂಟ್ ಲೈಸೆನ್ಸ್ (ಒಎಫ್‌ಎಲ್) 1.1ರದು: ಮಾರಾಟದ ತಂತ್ರಾಂಶದೊಳಗೂ ಇಡಬಹುದು, ಫಾಂಟ್ ಒಂದನ್ನೇ ಮಾರುವಂತಿಲ್ಲ, ಒಎಫ್‌ಎಲ್ ಪಠ್ಯ ಜೊತೆಗಿರಬೇಕು.

ಲೈಸೆನ್ಸ್‌ಗಳನ್ನು ಕನ್ನಡಕ್ಕೆ ಅನುವಾದಿಸಿ ತೋರಿಸಬಹುದೇ?

ತೋರಿಸಿ, ಗ್ರಾಹಕರಿಗೆ ಒಳ್ಳೆಯದೇ. ಆದರೆ ಅನುವಾದ ತಿಳಿವಳಿಕೆಗೆ ಮಾತ್ರ, ಇಂಗ್ಲಿಷ್ ಮೂಲ ಒಂದಕ್ಷರವೂ ಬದಲಾಗದೆ ಜೊತೆಗಿರಲಿ. ಸೆಟಪ್ ಕಟ್ಟುವ ಉಪಕರಣವಾದ ಇನ್ನೋ ಸೆಟಪ್‌ಗೆ ಕೊಡುವ ಪಠ್ಯ ಕಡತವನ್ನು ಬಾಮ್ (ಕಡತದ ಮೊದಲಲ್ಲಿ ಬರುವ ಗುರುತು) ಸಹಿತ ಯುಟಿಎಫ್-8ನಲ್ಲಿ ಉಳಿಸಿ. ಅಂಥದ್ದೇ ಇನ್ನೊಂದು ಉಪಕರಣ ಎನ್‌ಎಸ್‌ಐಎಸ್ ಆದರೆ ಸ್ಕ್ರಿಪ್ಟಿನ ಮೊದಲಲ್ಲೇ ಯುನಿಕೋಡ್ ಆಯ್ಕೆಯನ್ನು ಟ್ರೂ ಮಾಡಿ. ಇಲ್ಲದಿದ್ದರೆ ಕನ್ನಡದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಾಣಬಹುದು.

ನಮ್ಮ ಕಂಪನಿಯೊಳಗೆ ಮಾತ್ರ ಬಳಸುವ ಸೆಟಪ್‌ಗೂ ಇಷ್ಟೆಲ್ಲ ಬೇಕೇ?

ಜಿಪಿಎಲ್ ದೃಷ್ಟಿಯಲ್ಲಿ ಒಂದೇ ಸಂಸ್ಥೆಯೊಳಗಿನ ನಕಲು ವಿತರಣೆಯಲ್ಲ. ಒರಾಕಲ್‌ನ ಟೆಕ್ನಾಲಜಿ ನೆಟ್‌ವರ್ಕ್ ಲೈಸೆನ್ಸ್‌ಗೆ ಈ ಲೆಕ್ಕ ನಡೆಯದು, ಕಚೇರಿಯ ದಿನನಿತ್ಯದ ಉತ್ಪಾದನಾ ಬಳಕೆಗೂ ಚಂದಾ ಬೇಕು.

ಅನ್‌ಇನ್‌ಸ್ಟಾಲ್ ಮಾಡುವಾಗ ರನ್‌ಟೈಮ್ ತೆಗೆಯಬೇಕೇ?

ನಿಮ್ಮ ಫೋಲ್ಡರ್‌ನಲ್ಲೇ ಇಟ್ಟದ್ದಾದರೆ ತೆಗೆಯಿರಿ. ವಿಸಿ ರೀಡಿಸ್ಟ್‌ನಂತೆ ಇಡೀ ಗಣಕಕ್ಕೆ ಹಾಕಿದ್ದನ್ನು ಮುಟ್ಟಬೇಡಿ, ಬೇರೆ ಪ್ರೋಗ್ರಾಂಗಳು ಅದರ ಮೇಲೆ ನಿಂತಿರುತ್ತವೆ.

ಭಾರತದ ಕಾನೂನಿನಲ್ಲಿ ಇದಕ್ಕೆ ನಿಜವಾಗಿ ಶಿಕ್ಷೆ ಇದೆಯೇ?

ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಗಣಕ ಪ್ರೋಗ್ರಾಂ ಸಾಹಿತ್ಯ ಕೃತಿಯ ವ್ಯಾಖ್ಯೆಯೊಳಗೇ ಬರುತ್ತದೆ. ತಿಳಿದೂ ಉಲ್ಲಂಘಿಸಿದರೆ 63ನೇ ಕಲಂ ಅಡಿ 6 ತಿಂಗಳಿಂದ 3 ವರ್ಷ ಸೆರೆವಾಸ, 50,000 ರೂಪಾಯಿಯಿಂದ 2 ಲಕ್ಷದವರೆಗೆ ದಂಡ. ಉಲ್ಲಂಘನೆಯ ಪ್ರತಿ ಎಂದು ತಿಳಿದೂ ಬಳಸಿದವರಿಗೆ 63ಬಿ ಕಲಂ ಇದೆ: 7 ದಿನದಿಂದ 3 ವರ್ಷ, ದಂಡ ಅಷ್ಟೇ. ಅಂದರೆ ನಿಮ್ಮ ತಪ್ಪು ಗ್ರಾಹಕರ ತಲೆಗೂ ಸುತ್ತಿಕೊಳ್ಳಬಹುದು.

ಯಾವ ದಾಖಲೆ ಇಟ್ಟುಕೊಳ್ಳಬೇಕು?

ಪ್ರತಿ ಬಿಡುಗಡೆಗೂ ಒಂದು ಫೋಲ್ಡರ್. ಅದರಲ್ಲಿ ಸೇರಿಸಿದ ಪ್ರತಿ ರನ್‌ಟೈಮ್‌ನ ಪೂರ್ಣ ಆವೃತ್ತಿ ಸಂಖ್ಯೆ, ಇಳಿಸಿಕೊಂಡ ವಿಳಾಸ ಮತ್ತು ದಿನಾಂಕ, ಕಡತದ ಎಸ್‌ಎಚ್‌ಎ-256 ಮೊತ್ತ, ಆ ದಿನ ಆ ಪುಟದಲ್ಲಿದ್ದ ಲೈಸೆನ್ಸಿನ ಪಿಡಿಎಫ್ ಪ್ರತಿ, ಜಿಪಿಎಲ್ ಅಥವಾ ಎಲ್‌ಜಿಪಿಎಲ್ ಆದರೆ ಮೂಲ ಸಂಕೇತದ ಟಾರ್ ಕಡತ. ಕೊಂಡಿ ಮಾತ್ರ ಬರೆದಿಟ್ಟರೆ ಸಾಲದು. 17.0.12ಕ್ಕೂ 17.0.13ಕ್ಕೂ ನಡುವೆ ಮೂರೇ ತಿಂಗಳು, ಅಷ್ಟರಲ್ಲಿ ಲೈಸೆನ್ಸೇ ಬೇರೆಯಾಯಿತು. ಲೆಕ್ಕಪರಿಶೋಧಕರು ಎರಡು ವರ್ಷದ ನಂತರ ಕೇಳಿದಾಗ ಯಾವುದನ್ನು ಯಾವ ಷರತ್ತಿನಡಿ ಹಂಚಿದಿರಿ ಎಂದು ತೋರಿಸಲು ನಿಮ್ಮ ಬಳಿ ಇರುವುದು ಈ ಫೋಲ್ಡರ್ ಒಂದೇ.